ಅಂಟು ಒರೆಸುವ ಭಾನುವಾರ

ಹೋದ ತಿಂಗಳು ಮನೆ ಬದಲಾಯಿಸುವಾಗ ಕಟ್ಟಡದ ನೆಲಮಾಳಿಗೆಯ ಕೆಲ್ಲರಿನಲ್ಲಿ, ಹತ್ತು ಪೆಟ್ಟಿಗೆ ಇಟ್ಟರೆ ತುಂಬಿಹೋಗುವ ನಮ್ಮ ಪಾಲಿನ ಗೂಡಿನಲ್ಲಿ, ಮಗಳ ಹಳೆಯ ಆಟದ ಚೀಲವೊಂದು ಸಿಕ್ಕಿತು. ಜಿಪ್ ಬಿಗಿದುಕೊಂಡಿತ್ತು. ಎಳೆದು ತೆಗೆದರೆ ಒಳಗೆ ಒಂದು ಜೊತೆ ಮೊಣಕಾಲ ಪಟ್ಟಿ, ಜೊತೆಯಿಲ್ಲದ ಒಂದು ಕಾಲುಚೀಲ, ತಳದಲ್ಲಿ ಅಂಗೈ ಅಗಲದ ತಗಡಿನ ಡಬ್ಬಿ. ಮುಚ್ಚಳ ಅಂಟಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿದೆ. ಒಳಗೆ ಜೇನಿನ ಬಣ್ಣದ ರಾಳ... ಆ ವಾಸನೆ ಮೂಗಿಗೆ ಬಂದದ್ದೇ ತಡ, ಪೆಟ್ಟಿಗೆ ಕಟ್ಟುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಹ್ಯಾಂಡ್‌ಬಾಲ್ ಆಡುವವರು ಚೆಂಡು ಜಾರದಿರಲೆಂದು ಬೆರಳುಗಳಿಗೆ ಹಚ್ಚಿಕೊಳ್ಳುವ ಮರದ ಅಂಟು ಅದು. ಮೊದಲ ಸಲ ಮೂಸಿದಾಗ ನನಗೆ ಉಡುಪಿಯ ನಮ್ಮ ಮನೆಯಲ್ಲಿ ಮುಸ್ಸಂಜೆ ಹಾಕುತ್ತಿದ್ದ ಹಾಲುಮಡ್ಡಿ ಧೂಪದ ನೆನಪಾಗಿತ್ತು. ಈಗ ಧೂಪ ನೆನಪಾಗುವುದಿಲ್ಲ. ಮೊಣಕಾಲೂರಿ ನೆಲ ಒರೆಸುತ್ತಿರುವ ಒಬ್ಬ ಹೆಂಗಸು ನೆನಪಾಗುತ್ತಾರೆ. ಕತ್ತರಿಸಿದ ಬಿಳಿ ಕೂದಲು, ಅಗಲವಾದ ಭುಜ, ಕೊರಳಲ್ಲಿ ಸೀಟಿ.

ಅವರು ನನ್ನ ಮಗಳು ಮೈತ್ರಿಯ ಶಾಲೆಯಲ್ಲಿ ಆಟ ಕಲಿಸುತ್ತಿದ್ದರು. ಇಲ್ಲಿ, ಜರ್ಮನಿಯಲ್ಲಿ, ಟೀಚರುಗಳನ್ನು ಮನೆತನದ ಹೆಸರು ಹಿಡಿದು ಕರೆಯುವುದು ಕ್ರಮ. ನಾವೂ ಎದುರಿಗೆ ಹಾಗೆಯೇ ಕರೆಯುತ್ತಿದ್ದೆವು. ಮನೆಯೊಳಗೆ ಮಾತ್ರ ಅವರು ಮೊದಲ ದಿನದಿಂದ ಕೊನೆಯ ದಿನದವರೆಗೂ ಪಿ.ಟಿ. ಟೀಚರ್.

ನನಗೆ ಇಲ್ಲಿ ದುಡಿಯುವ ಪರವಾನಗಿಯಾದ ಬ್ಲೂ ಕಾರ್ಡ್ ಸಿಕ್ಕಿ ಸೇಂಟ್ ಲಿಯೋನ್-ರೋಟಿನ ಆಫೀಸಿಗೆ ಬಂದಾಗ ಮೈತ್ರಿಗೆ ಹತ್ತು ವರ್ಷ. ನನ್ನ ಗಂಡ ಪ್ರಸನ್ನ ಮೈಸೂರಿನಲ್ಲಿದ್ದ ಕೆಲಸ ಬಿಟ್ಟು ಜೊತೆಗೆ ಬಂದಿದ್ದ. ಬೆಳಿಗ್ಗೆ ಭಾಷೆಯ ಕ್ಲಾಸಿಗೆ ಹೋಗಿ ಮಧ್ಯಾಹ್ನ ಮಗಳಿಗಾಗಿ ಕಾಯುತ್ತಿದ್ದ. ನಮ್ಮಿಬ್ಬರ ಚಿಂತೆ ಒಂದೇ ಆಗಿತ್ತು. ಮಗಳು ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಜರ್ಮನ್ ಬರದಿದ್ದರೆ ಇಂಗ್ಲಿಷಾದರೂ ಆಡಬಹುದಿತ್ತು, ಅದೂ ಇಲ್ಲ. ನವೆಂಬರಿನ ಹೊತ್ತಿಗೆ ಕ್ಲಾಸ್ ಟೀಚರಿನಿಂದ ಪತ್ರ ಬಂತು: ಮಗು ಮನೆಯಲ್ಲಿ ಮಾತಾಡುತ್ತದೆಯೇ?

ಅದಾದ ಒಂದು ವಾರಕ್ಕೆ ಮೈತ್ರಿ ಕೆನ್ನೆಯ ಮೇಲೆ ಚೆಂಡಿನ ಗುರುತು ಮಾಡಿಕೊಂಡು ಮನೆಗೆ ಬಂದಳು. ಪ್ರಸನ್ನ ಗಾಬರಿಯಾಗಿ ನನಗೆ ಫೋನ್ ಮಾಡಿದ. ಸಂಜೆ ನಾನು ಬಂದು ನೋಡಿದರೆ ಹುಡುಗಿ ನಗುತ್ತಿದ್ದಳು. ಪಿ.ಟಿ. ಟೀಚರ್ ಅವಳನ್ನು ಹ್ಯಾಂಡ್‌ಬಾಲಿನ ಗೋಲಿನಲ್ಲಿ ನಿಲ್ಲಿಸಿದ್ದರಂತೆ. ಅಲ್ಲಿ ಮಾತು ಬೇಡ, ಕೈಕಾಲು ಅಗಲಿಸಿ ನಿಂತರೆ ಸಾಕು ಎಂದು ಅಭಿನಯಿಸಿ ತೋರಿಸಿದರಂತೆ. ಆದರೆ ಗೋಲು ಕಾಯುವ ಗೋಲಿಯಾದವಳು ಕೂಗಿ ಹೇಳಲೇಬೇಕಾಗುತ್ತದೆ, ಚೆಂಡು ಯಾವ ಕಡೆಯಿಂದ ಬರುತ್ತಿದೆ ಎಂದು. ಮೂರನೆಯ ದಿನ ಮೈತ್ರಿ ತಡೆಯಲಾರದೆ ಕನ್ನಡದಲ್ಲೇ ಕೂಗಿದಳು, "ಎಡ, ಎಡ." ಟೀಚರ್ ಆಟ ನಿಲ್ಲಿಸಿ ಎಲ್ಲ ಹುಡುಗಿಯರನ್ನೂ ಕೂರಿಸಿ ಮೈತ್ರಿಯಿಂದಲೇ ಕೇಳಿ ತಿಳಿದು ಎರಡು ಪದ ಕಲಿಸಿದರು. ಎಡ. ಬಲ. ಆ ವರ್ಷವಿಡೀ ಸುತ್ತಲಿನ ಊರುಗಳ ತಂಡಗಳು ನಮ್ಮ ಶಾಲೆಯ ಹುಡುಗಿಯರು ಯಾವ ಗುಪ್ತ ಭಾಷೆ ಆಡುತ್ತಾರೆ ಎಂದು ತಲೆ ಕೆಡಿಸಿಕೊಂಡವು.

ಆ ಶಾಲೆಯಲ್ಲಿ ಬೇಸಿಗೆ ರಜೆಗೆ ಮೊದಲಿನ ಶನಿವಾರ ಹಳಬರ ಪಂದ್ಯ ನಡೆಯುತ್ತಿತ್ತು. ಶಾಲೆ ಬಿಟ್ಟುಹೋದವರು ಒಂದು ಕಡೆ, ಈಗ ಓದುತ್ತಿರುವವರು ಇನ್ನೊಂದು ಕಡೆ. ಅದನ್ನು ಶುರು ಮಾಡಿದವರು ಪಿ.ಟಿ. ಟೀಚರೇ ಎಂದು ಆಮೇಲೆ ತಿಳಿಯಿತು. ಆಟಕ್ಕೆ ಮೊದಲು ಹಳಬರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಪರಿಚಯಿಸುತ್ತಿದ್ದರು. ಗಡಸು ದನಿ, ಮೈಕು ಬೇಕಿರಲಿಲ್ಲ. ಇವನು ಎರಡನೇ ಲೀಗಿನಲ್ಲಿ ಆಡುತ್ತಾನೆ. ಇವಳು ಆಟಗಾರರ ಮೊಣಕಾಲು ಸರಿ ಮಾಡುತ್ತಾಳೆ. ಇವಳು ಅಜ್ಜಿಯಂದಿರಿಗೆ ಈಜು ಕಲಿಸುತ್ತಾಳೆ. ಇವನು ಕ್ಲಬ್ಬಿನ ಬಸ್ಸು ಓಡಿಸುತ್ತಾನೆ. ಇವನು ಆಟ ಬಿಟ್ಟು ಬೇಕರಿ ಇಟ್ಟಿದ್ದಾನೆ, ಇವತ್ತಿನ ಬ್ರೆಡ್ ಅವನದು. ಎಲ್ಲರಿಗೂ ಒಂದೇ ದನಿ. ಪ್ರತಿಯೊಬ್ಬರಿಗೂ ಮೂರು ಚಪ್ಪಾಳೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಲೀಗಿನವನಿಗೆ ಮಕ್ಕಳು ನಾಲ್ಕನೆಯದು ಹೊಡೆಯಲು ಹೋದರೆ ಟೀಚರ್ ಕೈ ಎತ್ತಿ ತಡೆಯುತ್ತಿದ್ದರು. ನಮ್ಮ ಕಡೆಯ ಸ್ಕೂಲ್ ಡೇಗಳಲ್ಲಿ ಮುಖ್ಯ ಅತಿಥಿಗೆ ಹಾರ ಹಾಕುವುದನ್ನು ನೋಡಿ ಬೆಳೆದ ನನಗೆ ಇದು ಸ್ವಲ್ಪ ಒರಟು ಎನಿಸಿತ್ತು.

ವರ್ಷವಿಡೀ ಆ ಹಾಲೆಯಲ್ಲಿ, ಎಂದರೆ ಶಾಲೆಯ ಒಳಾಂಗಣದಲ್ಲಿ, ರಾಳ ನಿಷಿದ್ಧ. ನೆಲಕ್ಕೆ ಅಂಟಿಕೊಂಡರೆ ಬಿಡುವುದಿಲ್ಲ, ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಕೂಗಾಡುತ್ತಾನೆ. ಹಳಬರ ಪಂದ್ಯದ ಒಂದು ದಿನ ಮಾತ್ರ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದೇ ಷರತ್ತು: ಮರುದಿನ ಭಾನುವಾರ ಬೆಳಿಗ್ಗೆ ಆಡಿದವರೆಲ್ಲ ಬಂದು ನೆಲ ಒರೆಸಬೇಕು. ಹಾಗೆ ಆ ಭಾನುವಾರವೂ ಹಬ್ಬದ ಒಂದು ಭಾಗವಾಗಿತ್ತು. ಮೊದಲ ವರ್ಷ ಮೈತ್ರಿಯನ್ನು ಬಿಟ್ಟುಬರಲು ಹೋದವಳು ಬಾಗಿಲಲ್ಲೇ ನಿಂತೆ. ಎರಡನೇ ಲೀಗಿನ ಆ ಆರಡಿ ಹುಡುಗ, ಬೇಕರಿಯವನು, ಮೊಣಕಾಲು ಸರಿ ಮಾಡುವವಳು, ಐದನೇ ಕ್ಲಾಸಿನ ಮಕ್ಕಳು, ಎಲ್ಲರೂ ಅಂಬೆಗಾಲಿನಲ್ಲಿದ್ದರು. ನಡುವೆ ಟೀಚರ್. ಯಾವುದೋ ದ್ರಾವಣ ಹಾಕಿ ಉಜ್ಜುತ್ತಿದ್ದರು, ನೆಲದ ಅಂಟು ಬಿಡುತ್ತಿತ್ತು, ಆದರೆ ಎಲ್ಲರ ಕೈಗೂ ಅದೇ ಅಂಟು ಮೆತ್ತಿಕೊಂಡು ಚಿಂದಿಬಟ್ಟೆಯೇ ಬೆರಳಿಗೆ ಅಂಟುತ್ತಿತ್ತು.

ಹಲಸಿನ ಹಣ್ಣು ಬಿಡಿಸಿ ಗೊತ್ತಿದ್ದವಳು ನಾನು. ಮನೆಗೆ ಹೋಗಿ ತೆಂಗಿನೆಣ್ಣೆಯ ಬಾಟಲಿ ತಂದೆ. ಟೀಚರಿನ ಎರಡೂ ಅಂಗೈಗೆ ಸುರಿದು ತಿಕ್ಕಿ ಬಟ್ಟೆಯಲ್ಲಿ ಒರೆಸಿದೆ. ಅಂಟು ಹೋಯಿತು. ಅವರು ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, ಬಾಟಲಿಯ ಬಾಯಿ ಮೂಸಿ, "ಇಪ್ಪತ್ತು ವರ್ಷ ನಾವು ಪೆದ್ದರ ಹಾಗೆ ಚರ್ಮ ಸುಲಿದುಕೊಂಡೆವು" ಎಂದರು. ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳಿದರು. ಆ ಊರಿಗೆ ಬಂದು ಹತ್ತು ತಿಂಗಳಾದ ಮೇಲೆ, ಆಫೀಸಿನ ಹೊರಗೆ, ನನ್ನಿಂದ ಯಾರಿಗೋ ಉಪಯೋಗವಾದದ್ದು ಅದೇ ಮೊದಲು. ಮುಂದಿನ ವರ್ಷದಿಂದ ಭಾನುವಾರದ ಚೀಟಿಯಲ್ಲಿ ಬಕೆಟು, ಬಟ್ಟೆ, ಬ್ರೆಡ್ಡಿನ ಜೊತೆಗೆ "ಮೈತ್ರಿಯ ಅಮ್ಮನ ಎಣ್ಣೆ" ಎಂದೂ ಬರೆಯುತ್ತಿದ್ದರು.

ನಾವು ಗೆಳತಿಯರಾದೆವು ಎನ್ನಲಾರೆ. ಇಲ್ಲಿನವರು ಆ ಪದವನ್ನು ಸುಲಭಕ್ಕೆ ಬಳಸುವುದಿಲ್ಲ. ಆದರೆ ಶನಿವಾರಗಳಲ್ಲಿ ಪಂದ್ಯ ಇರುವಾಗ ಅಂಕ ಬರೆಯುವ ಮೇಜಿನಲ್ಲಿ ನನಗೊಂದು ಕುರ್ಚಿ ಕಾಯಂ ಆಯಿತು. ಅವರ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಿಗರೇಟು ಸೇದಿ ಸೇದಿ ದನಿ ಹಾಗಾಗಿದೆ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವರು ಸೇದಿದ್ದನ್ನು ಮಾತ್ರ ನಾನು ಒಮ್ಮೆಯೂ ನೋಡಿರಲಿಲ್ಲ.

ಮೈತ್ರಿಗೆ ಹದಿನಾಲ್ಕು ತುಂಬುವ ವರ್ಷ, ವಸಂತದಲ್ಲಿ, ಆ ಪತ್ರ ಬಂತು. ಮೂರು ಗಂಟೆ ದೂರದ ಒಂದು ಕ್ರೀಡಾ ವಸತಿ ಶಾಲೆಯವರು ಯಾವುದೋ ಪಂದ್ಯದಲ್ಲಿ ಅವಳನ್ನು ನೋಡಿದ್ದರು. ಬಂದು ಸೇರಬಹುದು, ಓದೂ ಅಲ್ಲೇ, ತರಬೇತಿಯೂ ಅಲ್ಲೇ. ಪ್ರಸನ್ನ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದ. "ಏನೇ ಇದು, ನಮ್ಮ ಮೈತ್ರಿನಾ?" ಎಂದು ನನ್ನನ್ನೇ ಕೇಳಿದ. ಅಂದೇ ಉಡುಪಿಗೂ ಮೈಸೂರಿಗೂ ಫೋನ್ ಹೋಯಿತು. ಅರ್ಜಿಯ ಕೊನೆಯ ಪುಟದಲ್ಲಿ ಶಾಲೆಯ ಕ್ರೀಡಾ ಶಿಕ್ಷಕರ ಸಹಿ ಬೇಕಿತ್ತು. ಅದೇನು ದೊಡ್ಡದು ಎಂದು ನಾವು ಅದನ್ನು ಕೊನೆಗಿಟ್ಟಿದ್ದೆವು.

ಟೀಚರ್ ಸಹಿ ಹಾಕಲಿಲ್ಲ. ಮೊದಲ ವಾರ ನೋಡುತ್ತೇನೆ ಎಂದರು. ಎರಡನೆಯ ವಾರ ಇನ್ನೊಂದು ವರ್ಷ ಕಾಯಿರಿ ಎಂದು ಮೈತ್ರಿಯ ಕೈಯಲ್ಲೇ ಅರ್ಜಿ ವಾಪಸು ಕಳಿಸಿದರು. ಕಾರಣ ಬರೆದಿರಲಿಲ್ಲ. ಮೈತ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ತಲೆಯಲ್ಲಿ ಆ ದಿನಗಳಲ್ಲಿ ಬೇರೆಯೂ ಕೆಲವು ಸಂಗತಿಗಳಿದ್ದವು... ಮನೆ ನೋಡಲು ಹೋದಾಗ ಹೆಸರು ಕೇಳಿ ಬಾಡಿಗೆಗೆ ಕೊಡಲಾಗಿದೆ ಎಂದವರು, ರೈಲಿನಲ್ಲಿ ನನ್ನ ಟಿಕೆಟ್ ಮಾತ್ರ ಎರಡು ಸಲ ನೋಡಿದವನು. ಅವೆಲ್ಲ ಒಟ್ಟಾಗಿ ಬಂದವು. ಮರುದಿನ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ನೇರ ಹಾಲೆಗೆ ಹೋದೆ. ದಾರಿಯಲ್ಲಿ ಜರ್ಮನ್ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ, ವ್ಯಾಕರಣ ತಪ್ಪಬಾರದೆಂದು. ಟೀಚರ್ ಒಬ್ಬರೇ ಗೋಲಿನ ಬಲೆ ಸುತ್ತಿಡುತ್ತಿದ್ದರು.

"ಮೈತ್ರಿ ಜರ್ಮನ್ ಹುಡುಗಿಯಾಗಿದ್ದರೆ ನೀವು ಸಹಿ ಹಾಕುತ್ತಿದ್ದಿರಿ ಅಲ್ಲವೇ?"

ವ್ಯಾಕರಣ ತಪ್ಪಲಿಲ್ಲ. ಅವರ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಯಿತು. ಸುತ್ತಿದ ಬಲೆಯನ್ನು ನೆಲಕ್ಕಿಟ್ಟರು. ಸಿಟ್ಟಾಗುತ್ತಾರೆ ಎಂದು ನಾನು ಕಾದೆ. "ನಿಮಗೆ ಈಗ ಸಮಯ ಇದೆಯೇ? ಸ್ವಲ್ಪ ನಡೆಯೋಣ" ಎಂದಷ್ಟೇ ಹೇಳಿ ಜಾಕೆಟ್ ತೆಗೆದುಕೊಂಡರು.

ಶಾಲೆಯ ಹಿಂದೆ ಶ್ಪಾರ್ಗೆಲ್ ಹೊಲಗಳು. ಏಪ್ರಿಲ್ ತಿಂಗಳಾದ್ದರಿಂದ ಆ ಬಿಳಿ ತರಕಾರಿಯ ಏರಿಗಳ ಮೇಲೆಲ್ಲ ಪ್ಲಾಸ್ಟಿಕ್ ಹೊದಿಸಿದ್ದರು. ಗಾಳಿಗೆ ಅದು ಪಟಪಟ ಸದ್ದು ಮಾಡುತ್ತಿತ್ತು. ಆ ಸದ್ದಿನ ನಡುವೆ, ನನ್ನ ಮುಖ ನೋಡದೆ, ನನ್ನ ಭಾಷೆಗೆ ತಕ್ಕಂತೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಅವರು ಹೇಳಿದರು.

ಅವರು ಬರ್ಲಿನ್ ಗೋಡೆಯ ಆಚೆಯ ಪೂರ್ವ ಜರ್ಮನಿಯಲ್ಲಿ ಹುಟ್ಟಿದವರು. ಹನ್ನೊಂದನೆಯ ವಯಸ್ಸಿಗೆ ಈಜಿಗೆ ಆಯ್ಕೆಯಾಗಿ ಒಂದು ಕ್ರೀಡಾ ವಸತಿ ಶಾಲೆ ಸೇರಿದರು. ಊರಿಗೆ ಊರೇ ಹೆಮ್ಮೆಪಟ್ಟಿತು. ಅಲ್ಲಿ ಬೆಳಿಗ್ಗೆ ಚಹಾದ ಜೊತೆ ತಟ್ಟೆಯ ಅಂಚಿನಲ್ಲಿ ಒಂದು ನೀಲಿ ಮಾತ್ರೆ ಇಡುತ್ತಿದ್ದರು. ವಿಟಮಿನ್ ಎಂದು ಹೇಳಿದ್ದರು. ಮನೆಯಲ್ಲಿ ಹೇಳಬೇಡಿ ಎಂದೂ ಹೇಳಿದ್ದರು. ಹದಿನಾಲ್ಕಕ್ಕೆ ಭುಜ ಅಗಲವಾಯಿತು, ದನಿ ಒಡೆಯಿತು. ರಜೆಗೆ ಬರುತ್ತೇನೆಂದು ಫೋನ್ ಮಾಡಿದಾಗ ಅಮ್ಮ ದನಿಯ ಗುರುತು ಹಿಡಿಯದೆ ಯಾರು ಮಾತಾಡುತ್ತಿರುವುದು ಎಂದು ಕೇಳಿದ್ದರಂತೆ. ಅದನ್ನು ಹೇಳುವಾಗ ಅವರು ಸ್ವಲ್ಪ ನಕ್ಕರು. ಹದಿನಾರಕ್ಕೆ ವೇಗ ಸಾಲದೆಂದು ತೀರ್ಮಾನವಾಯಿತು.

"ಒಂದು ದಿನ ತರಬೇತಿ ಮುಗಿಸಿ ಬಂದೆ. ನನ್ನ ಹಾಸಿಗೆಯ ಚಾದರ ಮಡಚಿ ಇಟ್ಟಿದ್ದರು. ಚೀಲ ಬಾಗಿಲ ಹತ್ತಿರ ಇತ್ತು. ಯಾರೂ ಏನೂ ಹೇಳಲಿಲ್ಲ. ಹುಡುಗಿಯರು ಊಟಕ್ಕೆ ಹೋಗಿದ್ದರು."

ಮಕ್ಕಳಾಗುವುದಿಲ್ಲ ಎಂದು ಗೊತ್ತಾದದ್ದು ಆಮೇಲೆ. ಯಕೃತ್ತು ಕೆಟ್ಟಿದೆ ಎಂದು ಗೊತ್ತಾದದ್ದು ಇನ್ನೂ ಆಮೇಲೆ, ಗೋಡೆ ಬಿದ್ದು, ಆ ಮಾತ್ರೆಗಳು ವಿಟಮಿನ್ ಅಲ್ಲ, ಗಂಡು ಹಾರ್ಮೋನಿನವು ಎಂದು ಪತ್ರಿಕೆಗಳಲ್ಲಿ ಬಂದ ಮೇಲೆ. ಒಂದೂ ಪದಕ ಗೆಲ್ಲದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ ಎಂದರು. ಬೇಕರಿಯವನಿಗೂ ಲೀಗಿನವನಿಗೂ ಮೂರೇ ಚಪ್ಪಾಳೆ ಏಕೆ ಎನ್ನುವುದು ನನಗೆ ಆ ಹೊಲದ ಬದುವಿನ ಮೇಲೆ ತಿಳಿಯಿತು.

ಈಗಿನ ಶಾಲೆಗಳು ಹಾಗಿಲ್ಲ, ಅದು ತನಗೂ ಗೊತ್ತು ಎಂದರು. ಗೊತ್ತಿದ್ದರೂ ಅರ್ಜಿಯ ಆ ಗೆರೆಯ ಮೇಲೆ ಪೆನ್ನು ಇಟ್ಟರೆ ಕೈ ಮುಂದೆ ಹೋಗುವುದಿಲ್ಲ. ತನ್ನ ಅರ್ಜಿಗೆ ಸಹಿ ಹಾಕಿದ್ದು ಅಮ್ಮ. ಒಳ್ಳೆಯ ಅಮ್ಮ.

ನಾನು ಕ್ಷಮಿಸಿ ಎನ್ನಲು ಹೋದೆ. ಜರ್ಮನಿನಲ್ಲಿ ಆ ಪದಕ್ಕೆ ಎರಡು ಮೂರು ರೂಪಗಳಿವೆ, ಯಾವುದು ಈ ಹೊತ್ತಿಗೆ ಸಾಕಾದೀತು ಎಂದು ತಡವರಿಸಿದೆ. ಅವರು ನನ್ನ ತೋಳು ಹಿಡಿದರು. "ನೀವು ಬಂದು ಕೇಳಿದಿರಿ. ಕೇಳಿದ್ದು ತಪ್ಪಲ್ಲ. ನನ್ನ ಅಮ್ಮ ಯಾರನ್ನೂ ಏನೂ ಕೇಳಲಿಲ್ಲ. ಏನು ಕೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ." ಸ್ವಲ್ಪ ದೂರ ನಡೆದ ಮೇಲೆ, ಮಕ್ಕಳಿಗೆ ಇದು ಗೊತ್ತಾಗಬಾರದು, ತಾನು ಇರುವವರೆಗಾದರೂ, ಎಂದು ಮಾತು ತೆಗೆದುಕೊಂಡರು. ಅವರಿಗೆ ಕರುಣೆ ಬೇಡವಾಗಿತ್ತು.

ಹಾಲೆಯ ವೇಳಾಪಟ್ಟಿಯ ಹಿಂದೆ ಅವರು ನನಗೆ ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟರು, ಆ ಶಾಲೆಗೆ ಹೋದಾಗ ಕೇಳಲು. ವೈದ್ಯರು ಯಾರು, ಅವರು ಕೊಡುವುದೆಲ್ಲ ನಮಗೆ ತಿಳಿಯುತ್ತದೆಯೇ. ಹುಡುಗಿ ಬೇಕಾದಾಗ ಮನೆಗೆ ಫೋನ್ ಮಾಡಬಹುದೇ. ನೋವಾದರೆ ಆಡುವುದಿಲ್ಲ ಎನ್ನುವ ಹಕ್ಕು ಅವಳಿಗಿದೆಯೇ. ನಾವು ಮೂವರೂ ಹೋದೆವು. ಅಲ್ಲಿನ ತರಬೇತುಗಾರ್ತಿ ಚಿಕ್ಕ ವಯಸ್ಸಿನವಳು. ಎಲ್ಲವನ್ನೂ ತಾಳ್ಮೆಯಿಂದ ತೋರಿಸಿ ಹೇಳಿದಳು. ಕೊನೆಯ ಪ್ರಶ್ನೆಗೆ ಮಾತ್ರ ನಿಂತಳು. ನಡುವೆ ಬಿಟ್ಟುಹೋದ ಹುಡುಗಿಯರು ಈಗ ಎಲ್ಲಿದ್ದಾರೆ? ಯೋಚಿಸಿ, ಗೊತ್ತಿಲ್ಲ, ಇದನ್ನು ಯಾರೂ ಕೇಳಿರಲಿಲ್ಲ ಎಂದಳು. ನಾನು ಬಂದು ವರದಿ ಒಪ್ಪಿಸಿದಾಗ ಟೀಚರ್, "ಗೊತ್ತಿಲ್ಲ ಎಂದು ಒಪ್ಪಿಕೊಂಡಳಲ್ಲ, ಅದು ಒಳ್ಳೆಯದು" ಎಂದರು.

ನಾವು ಒಂದು ವರ್ಷ ಕಾದೆವು. ಪ್ರಸನ್ನನಿಗೆ ನಾನು ಎಲ್ಲವನ್ನೂ ಹೇಳಿದ್ದೆ, ಮೈತ್ರಿಗೆ ಏನನ್ನೂ ಹೇಳಿರಲಿಲ್ಲ. ಆ ವರ್ಷ ಅವಳು ಟೀಚರಿನ ಜೊತೆ ಅಷ್ಟಕ್ಕಷ್ಟೇ ಇದ್ದಳು, ನನ್ನ ಜೊತೆಯೂ. ಹದಿನೈದು ತುಂಬಿದ ವಾರ ಒಬ್ಬಳೇ ಅರ್ಜಿ ಹಿಡಿದು ಹಾಲೆಗೆ ಹೋದಳು. ಅರ್ಧ ಗಂಟೆಯಲ್ಲಿ ಸಹಿ ಹಾಕಿಸಿಕೊಂಡು ಬಂದಳು. ಅಲ್ಲಿ ಏನು ಮಾತಾಯಿತೆಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಹಿ ಸಿಕ್ಕಿತಲ್ಲ ಎಂಬ ಸಮಾಧಾನವೇ ಹೆಚ್ಚಾಗಿತ್ತು.

ಅಲ್ಲಿ ಎರಡು ವರ್ಷ ಚೆನ್ನಾಗಿಯೇ ಹೋಯಿತು, ಬಲ ಭುಜದ ಸ್ನಾಯು ಹರಿಯುವವರೆಗೆ. ಒಂದು ಶಸ್ತ್ರಚಿಕಿತ್ಸೆ, ಆಮೇಲೆ ಇನ್ನೊಂದು. ಆ ಶಾಲೆಯವರು ಯಾವ ತಪ್ಪೂ ಮಾಡಲಿಲ್ಲ. ಕರೆದು ಕೂರಿಸಿ, ವಿವರಿಸಿ, ಮುಂದಿನ ವರ್ಷ ತಂಡದಲ್ಲಿ ಜಾಗ ಕೊಡಲು ಆಗುವುದಿಲ್ಲ ಎಂದರು. ಮೈತ್ರಿ ಹದಿನೇಳನೆಯ ವಯಸ್ಸಿಗೆ ಹಳೆಯ ಶಾಲೆಗೇ ವಾಪಸಾದಳು. ಮನೆಗೆ ಬಂದ ದಿನ ಚೀಲವನ್ನು ನೇರ ಕೆಲ್ಲರಿಗೆ ಹಾಕಿದಳು. ತಿಂಗಳುಗಟ್ಟಲೆ ಹಾಲೆಯ ಕಡೆ ತಲೆ ಹಾಕಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಜರ್ಮನಿನಲ್ಲಿ ಒಂದು ಪದ ಉತ್ತರ.

ಹಳಬರ ಪಂದ್ಯ ಬಂತು. ಆ ಹೊತ್ತಿಗೆ ಟೀಚರ್ ತೆಳ್ಳಗಾಗಿದ್ದರು, ಕಣ್ಣಿನ ಬಿಳಿ ಹಳದಿಯಾಗಿತ್ತು, ಅರ್ಧ ದಿನ ಮಾತ್ರ ಕೆಲಸ ಮಾಡುತ್ತಿದ್ದರು. ಗುರುವಾರ ನಮ್ಮ ಮನೆಯ ಗಂಟೆ ಒತ್ತಿದರು. ಅವರು ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಪ್ರಸನ್ನ ಕಾಫಿ ಮಾಡಿದ. ಮೈತ್ರಿ ಕೋಣೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಶನಿವಾರಕ್ಕೆ ನನಗೆ ಒಬ್ಬ ಗೋಲಿ ಬೇಕು" ಎಂದರು ಟೀಚರ್.

"ಯಾರ ಕಡೆಗೆ? ನಾನು ಹಳಬಳೂ ಅಲ್ಲ, ಸ್ಕೂಲ್ ಟೀಮೂ ಅಲ್ಲ. ನನ್ನನ್ನ ತೆಗೆದುಹಾಕಿದ್ದಾರೆ."

"ಮೊದಲರ್ಧ ಹಳಬರ ಕಡೆ ನಿಲ್ಲು. ವಿರಾಮದ ಮೇಲೆ ತಂಡಗಳು ಬದಿ ಬದಲಾಯಿಸುತ್ತವೆ. ನೀನು ಅದೇ ಗೋಲಿನಲ್ಲಿ ಇರು. ಆಗ ಶಾಲೆಯ ಕಡೆ ಆದೆ. ನೀನು ಎಲ್ಲಿಗೂ ಹೋಗಬೇಕಿಲ್ಲ, ಅವರು ಬರುತ್ತಾರೆ."

ಮೈತ್ರಿ, ಬಲಗೈ ಪೂರ್ತಿ ಮೇಲೇಳುವುದಿಲ್ಲ ಎಂದಳು. ಟೀಚರ್ ಕಾಫಿ ಮುಗಿಸಿ ಎದ್ದರು. ಎಡಗೈ ಇದೆಯಲ್ಲ ಎಂದು ಹೇಳಿ ಹೊರಟರು. ಎಡ ಎನ್ನುವುದನ್ನು ಕನ್ನಡದಲ್ಲೇ ಹೇಳಿದರು.

ಶನಿವಾರ ನಾನು ಅಂಕದ ಮೇಜಿನಲ್ಲಿದ್ದೆ. ಹಳಬರ ಸಾಲಿನ ತುದಿಯಲ್ಲಿ ಮೈತ್ರಿ ತಲೆ ತಗ್ಗಿಸಿ ನಿಂತಿದ್ದಳು. ಒಬ್ಬೊಬ್ಬರನ್ನೇ ಪರಿಚಯಿಸುತ್ತ ಬಂದ ಟೀಚರ್ ಅವಳ ಮುಂದೆ ನಿಂತು, ಮೊದಲಿನಷ್ಟು ಶಕ್ತಿಯಿಲ್ಲದ ಆ ದನಿಯಲ್ಲಿ, "ಇವಳು ಮೈತ್ರಿ. ಎರಡು ವರ್ಷ ದೂರದಲ್ಲಿ ಆಡಿದಳು. ಇವತ್ತು ಇಲ್ಲಿ ಆಡುತ್ತಾಳೆ" ಎಂದರು. ಮೂರು ಚಪ್ಪಾಳೆ. ಯಾರಿಗೂ ಕೊಡದ ಹೆಚ್ಚಿನದೇನನ್ನೂ ಅವಳಿಗೆ ಕೊಡಲಿಲ್ಲ, ಯಾರಿಗೂ ಮಾಡದ ಕಡಿಮೆಯನ್ನೂ ಮಾಡಲಿಲ್ಲ. ಮಗಳು ತಲೆ ಎತ್ತಿದ್ದನ್ನು ನಾನು ನೋಡಿದೆ. ಆಮೇಲೆ ಕೆಲವು ನಿಮಿಷ ಅಂಕ ತಪ್ಪು ಬರೆದೆ; ಪಕ್ಕದವನು ತಿದ್ದಿದ.

ಎಷ್ಟು ಗೋಲು ತಡೆದಳು, ಎಷ್ಟು ಬಿಟ್ಟಳು, ನೆನಪಿಲ್ಲ. ಮರುದಿನ ಭಾನುವಾರ ಎಲ್ಲರ ಜೊತೆ ಅವಳೂ ನೆಲಕ್ಕೆ ಕೂತು ಒಂದು ಕೈಯಲ್ಲಿ ಒರೆಸಿದಳು. ಟೀಚರಿಗೆ ಬಗ್ಗಲು ಆಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಅಲ್ಲಿ ಇಲ್ಲಿ ಎಂದು ಕೈ ತೋರುತ್ತಿದ್ದರು.

ಮುಂದಿನ ವರ್ಷ ಮೈತ್ರಿ ರೆಫರಿ ಪರೀಕ್ಷೆ ಬರೆದಳು. ಈಗ ಹೈಡೆಲ್‌ಬರ್ಗಿನಲ್ಲಿ ಕ್ರೀಡಾ ವಿಜ್ಞಾನ ಓದುತ್ತಾಳೆ, ವಾರಾಂತ್ಯಕ್ಕೆ ಮಕ್ಕಳ ಪಂದ್ಯಗಳಿಗೆ ಸೀಟಿ ಊದುತ್ತಾಳೆ.

ಟೀಚರ್ ಹೋದದ್ದು ಒಂದು ಮಾರ್ಚಿನಲ್ಲಿ. ಅರವತ್ತು ತುಂಬಿರಲಿಲ್ಲ. ಕೊನೆಯ ಚಳಿಗಾಲದಲ್ಲಿ ಎರಡು ಸಲ ಆಸ್ಪತ್ರೆಗೆ ಹೋಗಿ ನೋಡಿದ್ದೆ. ನಾವು ಮಾತಾಡಿದ್ದು ಮಳೆಯ ಬಗ್ಗೆ, ಹೊಸ ಹೌಸ್‌ಮೈಸ್ಟರಿನ ಬಗ್ಗೆ. ಎರಡನೆಯ ಸಲ ಹೊರಡುವಾಗ ಅವರು ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು. ಆ ದಿನ ಹಾಲೆಯಲ್ಲಿ ನಾನು ಆಡಿದ ಮಾತಿಗೆ ಸರಿಯಾಗಿ ಕ್ಷಮೆ ಕೇಳಬೇಕೆಂದುಕೊಂಡೇ ಹೋಗಿದ್ದೆ. ಈಗ ಬೇಡ, ಬಳಲಿದ್ದಾರೆ, ಇನ್ನೊಮ್ಮೆ... ಎಂದುಕೊಂಡು ಎದ್ದುಬಂದೆ. ಮಣ್ಣು ಮಾಡುವ ದಿನ ಊರಿನ ಸ್ಮಶಾನದಲ್ಲಿ ಜಾಗ ಸಾಲಲಿಲ್ಲ. ಬೇಕರಿಯವನು, ಬಸ್ಸಿನವನು, ಈಜು ಕಲಿಸುವವಳು, ಲೀಗಿನಿಂದ ನಿವೃತ್ತನಾದ ಆ ಹುಡುಗ, ಎಲ್ಲ ಸಾಲಾಗಿ ನಿಂತು ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿದರು.

ಈ ನೆನಪೆಲ್ಲ ಬರೆದಿಡಲು ಕಾರಣ ಹೋದ ಭಾನುವಾರ. ಮೈತ್ರಿಯ ಕಾರು ಕೆಟ್ಟಿತ್ತೆಂದು ಅವಳನ್ನು ಒಂದು ಪಂದ್ಯಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಹನ್ನೆರಡು ವರ್ಷದ ಹುಡುಗಿಯರ ಆಟ. ಒಬ್ಬ ಅಪ್ಪ ಮಗಳ ಮೇಲೆ ಇಡೀ ಹೊತ್ತು ಕೂಗುತ್ತಿದ್ದ; ಮೈತ್ರಿ ಆಟ ನಿಲ್ಲಿಸಿ ಅವನನ್ನು ಹೊರಗೆ ಕಳಿಸಿದಳು. ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳದೆ ನನ್ನ ಕಡೆ ತಿರುಗಿದಳು.

"ಅಮ್ಮಾ, ಪಿ.ಟಿ. ಟೀಚರ್ ಯಾಕೆ ಆವಾಗ ಒಂದು ವರ್ಷ ಸೈನ್ ಮಾಡಿರ್ಲಿಲ್ಲ? ಐ ಮೀನ್, ರಿಯಲಿ?"

ಕೊಟ್ಟ ಮಾತಿನ ಅವಧಿ ಮುಗಿದಿತ್ತು. ಹೇಳಿದೆ. ಹೊಲದ ಬದುವಿನ ಮೇಲೆ ನನಗೆ ಹೇಳಿದ್ದಷ್ಟನ್ನೂ, ನಾನು ಅವರಿಗೆ ಅಂದದ್ದನ್ನೂ. ಮೈತ್ರಿ ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು. ಆಮೇಲೆ ಮಾತಾಡಿದಳು, ಕನ್ನಡದಲ್ಲೇ.

"ನಾನು ಒಬ್ಬಳೇ ಹೋದೆ ಅಲ್ವಾ ಹಾಲೆಗೆ, ಅವತ್ತು ಅವರು ಒಂದೇ ಕೇಳಿದ್ದು. ಹೋಗ್ಬೇಕಂತ ಇರೋದು ನಿನಗಾ, ನಿಮ್ಮ ಮನೆಯವರಿಗಾ ಅಂತ."

"ನೀನು ಎಂತ ಹೇಳಿದೆ?"

"ನನಗೆ ಅಂದೆ. ಸರಿ ಅಂತ ಪೆನ್ ತಗೊಂಡ್ರು. ಸೈನ್ ಮಾಡೋಕೆ ತುಂಬಾ ಹೊತ್ತು ಆಯ್ತು. ಕೈ ನಡುಗ್ತಿತ್ತು ಅಮ್ಮಾ. ಹೀಟಿಂಗ್ ಕೆಟ್ಟಿದೆ, ಅದಕ್ಕೆ ಚಳಿ ಆಗ್ತಿದೆ ಅಂದ್ಕೊಂಡೆ ನಾನು. ನಾನೇ ಪೇಪರ್ ಗಟ್ಟಿ ಹಿಡ್ಕೊಂಡೆ."

ನನಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಮಗಳು ಅಳುತ್ತಿದ್ದಳು, ನಾನು ಕಾರು ಚಾಲೂ ಮಾಡದೆ ಅವಳ ಭುಜದ ಮೇಲೆ, ಆ ಹೊಲಿಗೆಯ ಗುರುತಿನ ಮೇಲೆ, ಕೈ ಇಟ್ಟುಕೊಂಡು ಕೂತೆ. ಪಂದ್ಯ ಮುಗಿಸಿದ ಹುಡುಗಿಯರು ಒದ್ದೆ ತಲೆಯಲ್ಲಿ, ಚೀಲ ಎಳೆದುಕೊಂಡು, ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯವರ ಕಾರು ಹುಡುಕುತ್ತ ನಮ್ಮ ಮುಂದಿನಿಂದ ಹಾದುಹೋದರು.